ಲೋಹಶೋಧಕವೂ ಪೀಳಮೇಡಿನ ನೆಲವೂ

ನೆಲದೊಳಗೆ ಹುದುಗಿದ ನಾಣ್ಯವನ್ನೂ ಒಡವೆಯನ್ನೂ ಯಂತ್ರದಿಂದ ಹುಡುಕುವ ಹವ್ಯಾಸಕ್ಕೆ ಪೀಳಮೇಡಿಗಿಂತ ಅಯೋಗ್ಯವಾದ ಸ್ಥಳ ದಕ್ಷಿಣ ಭಾರತದಲ್ಲಿ ಮತ್ತೊಂದಿರಲಾರದು. ಕೊಯಮತ್ತೂರಿನ ಅವಿನಾಶಿ ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿರುವ ಈ ಊರಿನಲ್ಲಿ ನೂಲಿನ ಗಿರಣಿಗಳೂ, ಎರಕದ ಮನೆಗಳೂ, ನೀರೆತ್ತುವ ಪಂಪು ಮತ್ತು ಹಿಟ್ಟು ರುಬ್ಬುವ ಗ್ರೈಂಡರುಗಳ ಕಾರ್ಖಾನೆಗಳೂ ತಲೆಮಾರುಗಳಿಂದ ಉದುರಿಸಿದ ನಟ್ಟು, ಬೋಲ್ಟು, ತಂತಿಯ ತುಂಡು, ಲೇತಿನ ಸುರುಳಿಸಿಪ್ಪೆ ಮೊದಲಾದುವು ಮಣ್ಣಿನಲ್ಲಿ ಎಷ್ಟು ಸಮೃದ್ಧವಾಗಿ ಬೆರೆತಿವೆಯೆಂದರೆ, ಇಲ್ಲಿ ಶೋಧಕವನ್ನು ಹಿಡಿದು ನಿಂತವನಿಗೆ ಲೋಹ ದೊರೆಯುವುದು ಕಷ್ಟವಲ್ಲ. ಲೋಹವಿಲ್ಲದ ಒಂದು ಮೊಳ ಜಾಗ ದೊರೆಯುವುದೇ ಕಷ್ಟ.

ಆದರೂ ಇಲ್ಲಿಯವರ ಆಸೆ ಕೇವಲ ನಿರಾಧಾರವಾದುದಲ್ಲ. ಕೆಲವೇ ಮೈಲಿ ದೂರದಲ್ಲಿ, ನೊಯ್ಯಲ್ ನದಿಯ ದಡದ ವೆಳ್ಳಲೂರಿನಲ್ಲಿ, 1842ರಲ್ಲಿ ರೋಮಿನ ಬೆಳ್ಳಿಯ ನಾಣ್ಯಗಳು 500ಕ್ಕೂ ಮೀರಿ ಒಂದೇ ರಾಶಿಯಾಗಿ ಸಿಕ್ಕಿದುವು. ಅವುಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುಖಮುದ್ರೆಯುಳ್ಳವು. ಅಂಥದೊಂದು ಗಡಿಗೆ ನಮ್ಮ ಹಿತ್ತಿಲಿನಲ್ಲಿಯೂ ಏಕಿರಬಾರದು ಎಂಬ ಪ್ರಶ್ನೆಗೆ ತರ್ಕಶಾಸ್ತ್ರದಲ್ಲಿ ಉತ್ತರವಿಲ್ಲ. ಉತ್ತರವಿರುವುದು ಕಾನೂನಿನಲ್ಲಿ ಮಾತ್ರ. 1878ರ ನಿಧಿ ಕಾಯಿದೆಯ ಪ್ರಕಾರ 10 ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಂಡವನು ಕಲೆಕ್ಟರರಿಗೆ ಲಿಖಿತವಾಗಿ ಅರಿಕೆ ಮಾಡಿಕೊಳ್ಳತಕ್ಕದ್ದು. ಇಂದಿನ ದರದಲ್ಲಿ ಒಂದು ಲೋಟ ಡಿಗ್ರಿ ಕಾಫಿ ನೆಲದಡಿಯಲ್ಲಿ ದೊರೆತರೂ ಕಲೆಕ್ಟರರಿಗೆ ತಿಳಿಸಬೇಕಾಗುತ್ತದೆ.

ನಮ್ಮ ನೆರೆಮನೆಯ ಹಿರಿಯರು ಎರಕದ ಮನೆಯೊಂದರಲ್ಲಿ ದುಡಿದು ನಿವೃತ್ತರಾದವರು; ದೇವಾಂಗರ ಮನೆತನ, ಮನೆಮಾತು ತಮಿಳಿನ ಒಗ್ಗರಣೆ ಬಿದ್ದ ಕನ್ನಡ. ವಿದೇಶದಿಂದ ಬಂದ ಸೋದರಳಿಯನು ಬಿಟ್ಟುಹೋದ ಲೋಹಶೋಧಕವೊಂದು ಅವರ ಅಟ್ಟದಲ್ಲಿತ್ತು. ಸೊಸೆಯ ತೆಳುವಾದ ಚಿನ್ನದುಂಗುರವು ಹಿತ್ತಿಲಿನ ನಲ್ಲಿಯ ಬಳಿ ಪಾತ್ರೆ ತೊಳೆಯುವಾಗ ಜಾರಿ ಕಾಣೆಯಾದ ದಿನ ಆ ಯಂತ್ರಕ್ಕೆ ಪಟ್ಟಾಭಿಷೇಕವಾಯಿತು. ಯಂತ್ರದ ಆಡಳಿತ ಅವರದು, ಗುದ್ದಲಿಯ ಇಲಾಖೆ ನನ್ನದು.

ಯಂತ್ರದ ತತ್ತ್ವವು ಸರಳವಾದುದೆ. ಅದರ ತುದಿಯ ತಟ್ಟೆಯೊಳಗಿನ ಒಂದು ತಂತಿಸುರುಳಿಯು ಕಂಪಿಸುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳುಹಿಸುತ್ತದೆ. ಅಡಿಯಲ್ಲಿರುವ ಲೋಹದಲ್ಲಿ ಸುಳಿವಿದ್ಯುತ್ತು ಹುಟ್ಟಿ ಮರುಕ್ಷೇತ್ರವೊಂದನ್ನು ಕಳುಹಿಸುತ್ತದೆ. ಇನ್ನೊಂದು ಸುರುಳಿಯು ಅದನ್ನು ಗ್ರಹಿಸುತ್ತದೆ; ಮರುಧ್ವನಿ ಎಷ್ಟು ಹಿಂದುಳಿದು ಬಂದಿತೆಂಬುದರಿಂದ ಯಂತ್ರವು ಲೋಹದ ಗುಣವನ್ನು ಊಹಿಸಿ ಅಂಕಿಯಾಗಿ ತೋರಿಸುತ್ತದೆ. ಕಬ್ಬಿಣಕ್ಕೆ ಕೆಳಗಿನ ಅಂಕಿ, ಬೆಳ್ಳಿ ತಾಮ್ರಗಳಿಗೆ ಮೇಲಿನ ಅಂಕಿ. ‘ಡಿಸ್ಕ್ರಿಮಿನೇಷನ್’ ಎಂಬ ತಿರುಪನ್ನು ಏರಿಸಿದಷ್ಟೂ ಕೆಳಗಿನ ಅಂಕಿಯವರು ಒಬ್ಬೊಬ್ಬರಾಗಿ ಬಾಯಿ ಮುಚ್ಚುತ್ತಾರೆ: ಮೊದಲು ಮೊಳೆ, ಆಮೇಲೆ ಮಾತ್ರೆಯ ಹಾಳೆ, ಆಮೇಲೆ ಔಷಧದ ಶೀಶೆಯ ಅಲ್ಯೂಮಿನಿಯಂ ಮುಚ್ಚಳ. ಆದರೆ ಚಿಕ್ಕ ಚಿನ್ನದುಂಗುರದ ಅಂಕಿಯೂ ಈ ಹಾಳೆಮುಚ್ಚಳಗಳ ಅಂಕಿಯ ನಡುವೆಯೇ ಬೀಳುತ್ತದೆ. ಹುಡುಗನ ಮುಖವನ್ನು ನೋಡದೆ ಜಾತಕದ ಗುಣಗಳನ್ನಷ್ಟೇ ಎಣಿಸಿ ವರನನ್ನು ತಿರಸ್ಕರಿಸುವ ಹಿರಿಯರಂತೆ, ಯಂತ್ರವು ಚಿನ್ನವನ್ನೂ ಮುಚ್ಚಳವನ್ನೂ ಒಂದೇ ಸಾಲಿನಲ್ಲಿ ಹೊರಗೆ ಕೂರಿಸಿಬಿಡುತ್ತದೆ. ಸಣ್ಣ ಎಳೆಯ ಸರದ ಗತಿ ಇನ್ನೂ ಶೋಚನೀಯ; ಅದು ಸರವಾಗಿ ಕಾಣದೆ, ಬಿಡಿ ಕೊಂಡಿಗಳಾಗಿ ಮಾತ್ರ ಯಂತ್ರಕ್ಕೆ ಭಾಸವಾಗುತ್ತದೆ.

ನಾಣ್ಯಗಳ ವಿಷಯದಲ್ಲಿಯಂತೂ ಈ ಯಂತ್ರದ ರಾಜನಿಷ್ಠೆಯು ಸಂದೇಹಾಸ್ಪದವಾದುದು. ವಿಕ್ಟೋರಿಯಾ ರಾಣಿಯ ಬೆಳ್ಳಿಯ ರೂಪಾಯಿಗೆ ಅದು ತಾರಸ್ವರದಲ್ಲಿ ಬಹುಪರಾಕು ಹೇಳುತ್ತದೆ. ನಾವು ಬಾಲ್ಯದಲ್ಲಿ ಬೋರೆಹಣ್ಣಿಗೆ ಕೊಟ್ಟ ಅಲ್ಯೂಮಿನಿಯಂ ಮೂರು ಪೈಸೆಗೆ ಮುಚ್ಚಳದ ಮರ್ಯಾದೆಯನ್ನಷ್ಟೇ ಕೊಡುತ್ತದೆ. 1992ರಿಂದೀಚೆಗೆ ಕಾಂತಕ್ಕೆ ಅಂಟುವ ಸ್ಟೀಲಿನಲ್ಲಿ ಅಚ್ಚಾದ ಗಣರಾಜ್ಯದ ರೂಪಾಯಿಯನ್ನಾದರೋ, ಕಬ್ಬಿಣವನ್ನು ಬಿಡುವಂತೆ ತಿರುಪಿದ್ದರೆ, ಮೊಳೆಯ ಬಂಧುವೆಂದು ಬಗೆದು ಎಷ್ಟೋ ಸಲ ಮಾತನಾಡಿಸದೆಯೆ ಮುಂದೆ ಹೋಗುತ್ತದೆ.

ನೆರೆಯ ಹಿರಿಯರು ಜೀವಮಾನವೆಲ್ಲ ಕಬ್ಬಿಣದೊಡನೆ ಕಳೆದವರಾದುದರಿಂದ ಅದರ ಧ್ವನಿಯನ್ನು ಮತ್ತೆ ಕೇಳುವ ಇಚ್ಛೆ ಅವರಿಗಿರಲಿಲ್ಲ. ತಿರುಪನ್ನು ಮುಕ್ಕಾಲು ಸುತ್ತು ಏರಿಸಿದರು. ಹಿತ್ತಿಲು ಸ್ಮಶಾನದಂತೆ ಮೌನವಾಯಿತು. “ನೋಡಿದಿರಾ, ಕಸವೆಲ್ಲ ಅಡಗಿತು!” ಎಂದು ಅವರು ಹಿಗ್ಗಿದರು. ಬಾಗಿಲಲ್ಲಿ ನಿಂತಿದ್ದ ಅವರ ಧರ್ಮಪತ್ನಿಯವರು, “ಎಲ್ಲರ ಬಾಯಿ ಮುಚ್ಚಿಸಿದ ಮೇಲೆ ಉಂಗುರ ಮಾತ್ರ ಹೇಗೆ ಕೂಗೀತು?” ಎಂದರು. ಆ ಮಾತಿಗೆ ಎದುರಾಡಲಾರದೆ ತಿರುಪು ಇಳಿಯಿತು. ಇಳಿದೊಡನೆ ನೆಲವೆಲ್ಲ ಜಾತ್ರೆಯಂತೆ ಕೂಗತೊಡಗಿತು. ನಾನು ಅಗೆದೆ: ಮಾತ್ರೆಯ ಹಾಳೆ, ಅಗೆದೆ: ಶೀಶೆಯ ಮುಚ್ಚಳ, ಮತ್ತೊಂದು ಮುಚ್ಚಳ. ಒಗೆಯುವ ಕಲ್ಲಿನ ಬುಡದಲ್ಲಿ, ಅದೇ ಅಂಕಿ, ಅದೇ ಸ್ವರ. ಮೂರನೆಯ ಮುಚ್ಚಳವೆಂದು ಬೇಸರದಿಂದ ಕೆದಕಿದಲ್ಲಿ, ಸೀಗೆಪುಡಿಯ ಕೆಸರು ಮೆತ್ತಿದ ಉಂಗುರ.

ಇದೇ ಊರಿನ ನೂಲಿನ ಗಿರಣಿಗಳಲ್ಲಿ ಅರಳೆ ಬಿಡಿಸುವ ಬ್ಲೋರೂಮಿನಲ್ಲಿಯೂ ಲೋಹಶೋಧಕಗಳಿವೆ. ಅರಳೆಯೊಡನೆ ಬಂದ ಬೇಲಿನ ಪಟ್ಟಿಯ ತುಂಡು ಯಂತ್ರಕ್ಕೆ ತಗುಲಿ ಕಿಡಿ ಹಾರಿಸಿದರೆ ಹತ್ತಿಯೆಲ್ಲ ಹೊತ್ತಿಕೊಳ್ಳಬಹುದಾದ್ದರಿಂದ, ಅಲ್ಲಿ ಯಾವ ಲೋಹಕ್ಕೂ ದಾಕ್ಷಿಣ್ಯವಿಲ್ಲ. ಅಲ್ಲಿ ಚಿನ್ನವೂ ಕಬ್ಬಿಣವೂ ಸಮಾನವಾದ ಉಪದ್ರವಗಳು. ಆ ಸಮದೃಷ್ಟಿಯೇ ಹಿತ್ತಿಲಿನ ಶೋಧಕನಿಗೂ ಕ್ಷೇಮಕರವೆಂಬುದು ನನ್ನ ಅಭಿಪ್ರಾಯ. ಆದುದರಿಂದ ವಾಚಕರಲ್ಲಿ ವಿಜ್ಞಾಪನೆಯಿಷ್ಟೆ: ಕಳೆದದ್ದು ಉಂಗುರವಾದರೆ ತಿರುಪನ್ನು ಕಬ್ಬಿಣದ ಗಡಿ ದಾಟಿಸಬೇಡಿ, ಕಳೆದದ್ದು ಈಚಿನ ರೂಪಾಯಿಯಾದರೆ ಸೊನ್ನೆಗೇ ಇಳಿಸಿಬಿಡಿ, ಮುಚ್ಚಳಗಳನ್ನು ಅಗೆಯುವಷ್ಟು ತಾಳ್ಮೆಯಿಲ್ಲದವರು ಉಂಗುರವನ್ನು ತೆಗೆದಿಟ್ಟು ಪಾತ್ರೆ ತೊಳೆಯುವುದೇ ಲೇಸು.