ಡಾಲರ್ ಸಾವಕಾರ

ನಸುಕಿನ ಐದು ಗಂಟೆಗೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಎಚ್ಚರ ಇರುವುದು ಹಾಲಿನವರು, ವಾಕಿಂಗ್ ಹೊರಟ ಪೆನ್ಶನ್‌ದಾರರು ಮತ್ತು ಖಾಲಿ ಸೈಟು ಕಾಯುವ ನಾಯಿಗಳು. ಆ ಹೊತ್ತಿಗೆ ಗೇಟಿಗೆ ಬಂದು ಹಾಲಿನ ಪಾಕೀಟು ಇಸಿದುಕೊಳ್ಳುವ ತರುಣ ಅವನೊಬ್ಬನೇ. ಪೆನ್ಶನ್‌ದಾರರಿಗೆ ಅವನ ಮೇಲೆ ಅಪಾರ ಗೌರವ. "ಈ ವಯಸ್ಸಿನ್ಯಾಗ ಎಷ್ಟ್ ಲಗೂ ಏಳ್ತಾನ ನೋಡ್ರಿ. ನಮ್ಮ ಮನ್ಯಾಗೂ ಒಂದೈತಿ, ಒಂಬತ್ತಾದ್ರೂ ಹಾಸಿಗಿ ಬಿಡೂದಿಲ್ಲ."

ಅವನು ಎದ್ದು ಬಂದವನಲ್ಲ, ಇನ್ನೂ ಮಲಗದವನು. ಆಫೀಸಿನ ಕೆಲಸ ಮುಗಿದು ಅರ್ಧ ತಾಸೂ ಆಗಿರುವುದಿಲ್ಲ. ಇದೇ ಪೆನ್ಶನ್‌ದಾರರ ಮನೆಯ ಹೆಂಗಸರು ಮಧ್ಯಾಹ್ನ ಹನ್ನೆರಡಕ್ಕೆ ಅವನ ಕೋಣೆಯ ಪರದೆ ಎಳೆದಿರುವುದನ್ನು ಕಂಡು, ಪಾಪ, ಕೆಲಸ ಹೋಗಿರಬೇಕು ಎಂದುಕೊಳ್ಳುತ್ತಾರೆ. ನಸುಕಿಗೆ ಆದರ್ಶ ಪುರುಷ, ಮಧ್ಯಾಹ್ನಕ್ಕೆ ನಿರುದ್ಯೋಗಿ. ಸಂಜೆ ಆರೂವರೆಗೆ ತಲೆಗೆ ಹೆಡ್‌ಫೋನ್ ಏರಿಸಿ ಬಾಗಿಲು ಹಾಕಿಕೊಂಡನೆಂದರೆ ಆಗ ಅವನು ಡಾಲರ್ ಸಾವಕಾರ. ಹೆಸರಿಟ್ಟದ್ದು ಓಣಿ. ಅಮೆರಿಕದ ಕೆಲಸ ಅಂದಮೇಲೆ ಪಗಾರ ಡಾಲರಿನಲ್ಲೇ ಬರುತ್ತದೆ ಎಂಬುದು ಓಣಿಯ ಒಮ್ಮತದ ತೀರ್ಮಾನ. ಅವನು ಎಷ್ಟು ಸಲ ಇಲ್ಲವೆಂದರೂ ಅದು ಇನ್‌ಕಮ್ ಟ್ಯಾಕ್ಸ್‌ನವರಿಗೆ ಹೆದರಿ ಆಡುವ ಮಾತು ಎಂದೇ ಲೆಕ್ಕ.

ಮೂಲತಃ ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಯವನು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದ. ಅಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಮುಂದಿನ ಮಾತು ಮಳೆ ನಿಂತ ಮೇಲೆ. ಹೀಗಾಗಿ ಅವ್ವನನ್ನು ಕರೆದುಕೊಂಡು ಬೆಳಗಾವಿಗೆ ಬಂದು ಇಲ್ಲಿ ಮೇಲಿನ ಮಹಡಿ ಹಿಡಿದ. ಅಮೆರಿಕದ ಯಾವುದೋ ವಿಮಾ ಕಂಪನಿಯ ಸಾಫ್ಟ್‌ವೇರು ಕೆಟ್ಟಾಗ ರಿಪೇರಿ ಮಾಡುವುದು ಅವನ ಕೆಲಸ. ಅಲ್ಲಿ ಯಾರದೋ ಕಾರು ಮರಕ್ಕೆ ಗುದ್ದಿದರೆ ಇಲ್ಲಿ ಇವನ ಊಟ ಆರುತ್ತದೆ.

ಅವ್ವನ ತಕರಾರು ಬೇರೆಯೇ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಇವನ ಪಾಳಿ ಆರೂವರೆಯಿಂದ ಏಳೂವರೆಗೆ ಜಾರುತ್ತದೆ. ಮಾರ್ಚಿನಲ್ಲಿ ಮತ್ತೆ ಉಲ್ಟಾ. "ಅವರು ಗಡಿಯಾರ ತಿರುವಿದ್ರ ನಾ ಯಾಕ ರೊಟ್ಟಿ ಬಡಿಯೂ ಟೈಮ್ ಬದಲಿ ಮಾಡ್ಬೇಕೋ?" ಎಂದು ಅವ್ವ ವರ್ಷಕ್ಕೆರಡು ಸಲ ಕೇಳುತ್ತಾಳೆ. ಟೀಮ್ ಲೀಡ್ ಆದವನಲ್ಲಿ ಇದಕ್ಕೆ ಉತ್ತರವಿಲ್ಲ.

ಇನ್ನು ಮನೆಯ ಮಾಲಕರು. ನಿವೃತ್ತ ಮಾಸ್ತರರು, ಗಣಿತದವರು. ಪೇಪರಿನಲ್ಲಿ ಮೊದಲು ನೋಡುವುದು ನಿಧನ ವಾರ್ತೆ, ಆಮೇಲೆ ಡಾಲರ್ ದರ. 2024ರ ಡಿಸೆಂಬರಿನಲ್ಲಿ ಡಾಲರು 85 ರೂಪಾಯಿ ದಾಟಿದ ಮರುದಿನವೇ ಮೆಟ್ಟಿಲು ಹತ್ತಿ ಬಂದರು.

"ಏನ್ ತಮ್ಮಾ, ಬರೋಬರಿ ಏರೈತಿ?"

"ನನಗೇನ್ ಏರಿಲ್ರೀ ಕಾಕಾ. ನನ್ನ ಪಗಾರ ರೂಪಾಯಿದಾಗ ಬರತೈತಿ."

"ಮತ್ತ ಆ ಡಾಲರ್ ಎಲ್ಲಿ ಹೋಗತೈತಿ?"

"ಕಂಪನಿಗ್ರೀ."

"ಅಂದ್ರ ನಡುವ ಒಬ್ಬ ದಲಾಲ ಅದಾನಂದಂಗಾತು." ಎಪಿಎಂಸಿಗೆ ಮೆಣಸಿನಕಾಯಿ ಹಾಕಿ ಬಂದ ಮನೆತನದವರು, ಅವರಿಗೆ ತಕ್ಷಣ ಹೊಳೆಯಿತು. ಹೊಳೆದರೂ ಬಾಡಿಗೆ ಐನೂರು ಏರಿತು.

ಕಾಕಾ ಅವರ ಗಣಿತ ಪೂರ್ತಿ ತಪ್ಪಲ್ಲ. 2010ರಲ್ಲಿ ಡಾಲರು 45 ರೂಪಾಯಿಯ ಆಸುಪಾಸಿನಲ್ಲಿತ್ತು. ಆ ಕಾಲಕ್ಕೆ ದೊಡ್ಡ ಐಟಿ ಕಂಪನಿಗಳು ಹೊಸದಾಗಿ ಕಾಲೇಜು ಮುಗಿಸಿದವರಿಗೆ ಕೊಡುತ್ತಿದ್ದುದು ವರ್ಷಕ್ಕೆ ಮೂರು ಲಕ್ಷದ ಮೇಲೆ ಸ್ವಲ್ಪ. ಡಾಲರು ಹೆಚ್ಚುಕಡಿಮೆ ದುಪ್ಪಟ್ಟಾಯಿತು; ಆ ಮೂರು ಲಕ್ಷ ಮೂರೂವರೆಯ ಹತ್ತಿರ ಬಂದು ಸುಸ್ತಾಗಿ ಕೂತಿದೆ. ನಡುವೆ ಪೆಟ್ರೋಲು, ಸೈಟು, ಕುಂದಾ ಎಲ್ಲವೂ ಏರಿವೆ. 2024ರಲ್ಲಿ ಒಂದು ಕಂಪನಿ ಪದವೀಧರರಿಗೆ 2.52 ಲಕ್ಷ ಎಂದು ಪ್ರಕಟಿಸಿ ದೇಶವೆಲ್ಲ ನಗುವಂತೆ ಮಾಡಿತು. ವಿಟಿಯು ನಮ್ಮ ಊರಲ್ಲೇ ಇದೆ. ಇಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ. ಬರವಿಲ್ಲದ ಮಾಲಿಗೆ ಪೇಟೆಯಲ್ಲಿ ಏನು ದರವೆಂಬುದನ್ನು ಕಾಕಾ ಅವರನ್ನೇ ಕೇಳಬಹುದು.

ಒಂದು ರಾತ್ರಿ ಯಾರೋ ಪುಣ್ಯಾತ್ಮರು ಮೇಲ್‌ನಲ್ಲಿ ತಪ್ಪು ಫೈಲು ಅಂಟಿಸಿ ಕಳಿಸಿದರು. ತೆಗೆದು ನೋಡಿದರೆ ಗಿರಾಕಿಗೆ ಹೋಗುವ ಬಿಲ್ಲು. ಅವನ ಹೆಸರಿನ ಮುಂದೆ ತಾಸಿಗೆ 30 ಡಾಲರ್. ಇನ್ಶೂರೆನ್ಸ್ ಸಾಫ್ಟ್‌ವೇರ್ ಬಿಟ್ಟು ಅಂದು ಲೆಕ್ಕಕ್ಕೆ ಕೂತ: ತಿಂಗಳಿಗೆ 160 ತಾಸು, 4,800 ಡಾಲರ್, 85ರಂತೆ 4 ಲಕ್ಷ 8 ಸಾವಿರ. ಅವನ ಖಾತೆಗೆ ಬೀಳುವುದು 78 ಸಾವಿರ. ಐದರಲ್ಲಿ ಒಂದು ಪಾಲೂ ಪೂರ್ತಿಯಿಲ್ಲ. ಕಂಪನಿಗೂ ಖರ್ಚಿದೆ: ಕೆಲಸ ಹಿಡಿದು ತರುವವರು, ಕೆಲಸವಿಲ್ಲದೆ ಬೆಂಚಿನಲ್ಲಿ ಕೂತವರು, ಪಿಎಫ್. ಒಪ್ಪೋಣ. ಇಷ್ಟೆಲ್ಲ ಖರ್ಚಿನ ನಂತರವೂ ದೇಶದ ಕೆಲವು ದೊಡ್ಡ ಐಟಿ ಕಂಪನಿಗಳು ಟ್ಯಾಕ್ಸಿಗೆ ಮುಂಚೆ ನೂರಕ್ಕೆ ಇಪ್ಪತ್ತರ ಮೇಲೆ ಲಾಭ ತೋರಿಸುತ್ತವೆ ಎಂಬುದನ್ನೂ ಒಪ್ಪಿಬಿಡೋಣ.

ಪಗಾರದ ಮಾತೆತ್ತಿದರೆ ಎಚ್‌ಆರ್ ಮೇಡಂ ಅವರದು ಒಂದೇ ಜವಾಬು: ನೀವಿರುವುದು ಬೆಳಗಾವಿ, ಅಲ್ಲಿ ಖರ್ಚು ಕಡಿಮೆ. ಆದರೆ ಕೋಡು ಅಮೆರಿಕದಲ್ಲಿ ಓಡುತ್ತದೆ, ಅದಕ್ಕೆ ಬೆಳಗಾವಿಯ ರಿಯಾಯಿತಿಯಿಲ್ಲ. ಎಚ್-1ಬಿ ವೀಸಾದ ಮೇಲೆ ಹೋದವನಿಗೆ ಆ ಊರಿನಲ್ಲಿ ಆ ಕೆಲಸಕ್ಕಿರುವ ಚಾಲ್ತಿ ಪಗಾರಕ್ಕಿಂತ ಕಡಿಮೆ ಕೊಡಕೂಡದು ಎಂದು ಅಮೆರಿಕದ ಕಾನೂನೇ ಹೇಳುತ್ತದೆ. ಮನುಷ್ಯ ವಿಮಾನ ಹತ್ತಿದರೆ ಕಾನೂನುಂಟು. ಅವನ ಕೆಲಸವಷ್ಟೇ ಕೇಬಲ್ಲಿನಲ್ಲಿ ಹೋದರೆ ಕೇಳುವವರಿಲ್ಲ. ವಿಮಾನ ಹತ್ತೋಣವೆಂದರೆ 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹಾಕಿದರು. ಅದೇ ವಾರ ಗೋಕಾಕದ ಕಡೆಯಿಂದ ಕನ್ಯೆಯವರು ಬರುವವರಿದ್ದರು, ಬರಲಿಲ್ಲ. ಹುಡುಗಿಯ ಸೋದರಮಾವ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಹುಡುಗ ಗವರ್ಮೆಂಟ್ ಪರೀಕ್ಷಾ ಏನಾರ ಕಟ್ಯಾನೇನ್ರಿ?"

ಕೆಳಗಿನ ಮನೆಯಲ್ಲಿ ಉದ್ಯಮಬಾಗಿನ ಕಾರ್ಖಾನೆಯೊಂದರ ಟರ್ನರ್ ಇದ್ದಾನೆ. ಹತ್ತನೆಯ ತರಗತಿ ಪಾಸು, ಲೇಥ್ ಮಶೀನಿನ ಮುಂದೆ ಇಪ್ಪತ್ತು ವರ್ಷ. ಒಂದು ಭಾನುವಾರ ಇಬ್ಬರೂ ಗಚ್ಚಿಯ ಮೇಲೆ ನಿಂತಾಗ ಅವನು ಸಹಜವಾಗಿ ಕೇಳಿದ:

"ರಾತ್ರಿಯೆಲ್ಲಾ ದುಡೀತೀರಿ. ಓಟಿ ಡಬಲ್ ಕೊಡ್ತಾರೇನ್ರೀ ಸಾವಕಾರ್ರ?"

"ಓಟಿ ಇಲ್ಲೋ ಮಾರಾಯಾ. ಕಾಂಪ್ ಆಫ್ ಕೊಡ್ತಾರ. ಅಂದ್ರ ಸೂಟಿ."

"ಸೂಟಿ ತಗೊಂಡೀರೇನ?"

"ಕೇಳಿದ್ನಿ. ರಿಲೀಸ್ ಮುಗೀಲಿ ಅಂದ್ರು."

ಟರ್ನರ್ ನಗಲಿಲ್ಲ. ನಗಬಾರದೆಂದು ಬೀಡಿ ಹಚ್ಚಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. 1948ರ ಕಾರ್ಖಾನೆ ಕಾಯ್ದೆ ಅವನಿಗೆ ಬಾಯಿಪಾಠವಾಗಿತ್ತು. ಹೆಚ್ಚಿನ ತಾಸಿಗೆ ದುಪ್ಪಟ್ಟು. ಇತ್ತ ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಸರಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತ ಬಂದಿತ್ತು. 2024ರಲ್ಲಿ ದಿನಕ್ಕೆ 14 ತಾಸಿನ ಕೆಲಸದ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಟರ್ನರ್ "ನಿಮ್ಮದೂ ಯೂನಿಯನ್ ಐತೇನು?" ಎಂದು ಖುಷಿಯಿಂದ ಕೇಳಿದಾಗ ಸಾವಕಾರ ಆಚೀಚೆ ನೋಡಿ ದನಿ ತಗ್ಗಿಸಿದ. ಇಂಜಿನಿಯರ್ ಆದವನಿಗೆ ಯೂನಿಯನ್ ಎಂಬ ಮಾತಿನಿಂದ ಏನೋ ಸಂಕೋಚ. ಅದು ಎಣ್ಣೆ ಮೆತ್ತಿದ ಕೈಯವರದು, ತಮ್ಮದು ಸೋಪಿನ ಕೈ. ಇದು ಅವನೊಬ್ಬನ ರೋಗವಲ್ಲ. ಇಡೀ ಸಮುದಾಯದ್ದು, ಕಂಪನಿಗಳಿಗೆ ಇದರಷ್ಟು ಅಗ್ಗದ ಇನ್ಶೂರೆನ್ಸ್ ಮತ್ತೊಂದಿಲ್ಲ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದಾಗ ಪೇಪರಿನಲ್ಲಿ ಜನ ಸಿಟ್ಟಾದರು. ಇವನು ಬೆರಳು ಮಡಚಿ ಎಣಿಸಿ, "ಅಂದ್ರ ನನಗ ಸ್ವಲ್ಪ ಕಡಿಮಿ ಮಾಡು ಅಂದಂಗಾತು" ಎಂದ.

ಬಿಲ್ಲು ನೋಡಿದ ಮೇಲೆ ಮಾತ್ರ ರಕ್ತ ಬಿಸಿಯಾಯಿತು. ಏಪ್ರಿಲಿನ ಅಪ್ರೇಸಲ್‌ನಲ್ಲಿ ಕೇಳಿಯೇಬಿಟ್ಟ. ಮ್ಯಾನೇಜರರು ಬಹಳ ಹೊಗಳಿದರು. ಮಾರುಕಟ್ಟೆ ಸರಿಯಿಲ್ಲ, ಬೆಲ್ ಕರ್ವ್ ತಮ್ಮ ಕೈಯಲ್ಲಿಲ್ಲ, ಈಗ ಎಐ ಬೇರೆ ಬಂದಿದೆ ಎಂದರು. ಪಗಾರ ನೂರಕ್ಕೆ ನಾಲ್ಕು ಏರಿತು. ಹುದ್ದೆ ಮಾತ್ರ ಎರಡು ಮೆಟ್ಟಿಲು ಜಿಗಿದು ಅಸೋಸಿಯೇಟ್ ಡೈರೆಕ್ಟರ್ ಆಯಿತು. ಅವ್ವ ತಡೆಯಲಾರದೆ ಕೆಳಗಿಳಿದು ನಾಲ್ಕು ಮನೆಗೆ ಪೇಢೆ ಹಂಚಿ ಬಂದಳು.

ಸಂಜೆ ಕಾಕಾ ಮೇಲೆ ಬಂದರು, ಕೈಯಲ್ಲಿ ಅಳತೆ ಪಟ್ಟಿ.

"ಡೈರೆಕ್ಟರ್ ಆದೀ ಅಂದ್ರ ಇನ್ ಕಾರು ತಗೋತೀ. ಗೇಟಿನ ಬಾಜೂ ಜಾಗಾ ಅಳದೀನಿ, ಬರೋಬರಿ ಕೂಡತೈತಿ. ಪಾರ್ಕಿಂಗಿಂದು ತಿಂಗಳಿಗೆ ಎಂಟನೂರು, ಮುಂದಿನ ಒಂದನೇ ತಾರೀಖಿನಿಂದ."