ಸ್ನಾನೋದಕ-ತೇಜೋನಿರ್ಣಯ

ಮನೆಯ ಬಚ್ಚಲಿಗೆ ಗ್ಯಾಸ್ ಗೀಸರನ್ನು ಹಾಕಿಸುವುದು ಯುಕ್ತವೋ, ಕರೆಂಟಿನ ಗೀಸರನ್ನು ಹಾಕಿಸುವುದು ಯುಕ್ತವೋ ಎಂಬ ಜಿಜ್ಞಾಸೆಯು ಅಂಗಡಿಯ ಹುಡುಗನೊಬ್ಬನು ಐದು ನಿಮಿಷಗಳಲ್ಲಿ ತೀರಿಸಿಬಿಡತಕ್ಕ ಅಲ್ಪವಿಷಯವೆಂದು ಲೋಕವು ಭಾವಿಸಿರುವುದಾದರೂ, ಅದರ ಶಾಸ್ತ್ರೀಯ ಗಾಂಭೀರ್ಯವನ್ನು ಮನಗಂಡ ನಾನು, ಮನೆಯವರೆಲ್ಲರೂ ಮೂರು ವಾರ ತಣ್ಣೀರಿನಲ್ಲಿ ಮೀಯುವಂತಾದರೂ ಚಿಂತೆಯಿಲ್ಲವೆಂದು ನಿಶ್ಚಯಿಸಿ, ಈ ನಿಬಂಧವನ್ನು ಆರಂಭಿಸಿದೆನು. ಗ್ರಂಥಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಸಂಪ್ರದಾಯವಷ್ಟೆ: ವಿಷಯವು ಬಿಸಿನೀರು, ಪ್ರಯೋಜನವು ಮೈಕೊಳೆ ಹೋಗುವುದು, ಅಧಿಕಾರಿಯು ಮುಂಜಾನೆ ಆರಕ್ಕೆ ಏಳಬಲ್ಲವನು, ಸಂಬಂಧವು ತಿಂಗಳ ಕೊನೆಯ ಬಿಲ್ಲಿನಿಂದ ತಿಳಿಯತಕ್ಕದ್ದು.

ತರ್ಕಸಂಗ್ರಹಕಾರನಾದ ಅನ್ನಂಭಟ್ಟನು ತೇಜಸ್ಸನ್ನು ಭೌಮ, ದಿವ್ಯ, ಔದರ್ಯ, ಆಕರಜವೆಂದು ನಾಲ್ಕಾಗಿ ವಿಭಜಿಸಿರುವನು. ಸೌದೆಯಲ್ಲಿ ಉರಿಯುವ ಬೆಂಕಿಯು ಭೌಮ. ನೀರನ್ನೇ ಇಂಧನವಾಗಿ ಉಳ್ಳ ಮಿಂಚು ಮೊದಲಾದುದು ದಿವ್ಯ. ಉಂಡದ್ದನ್ನು ಅರಗಿಸುವುದು ಔದರ್ಯ. ಗಣಿಯಲ್ಲಿ ಹುಟ್ಟುವ ಚಿನ್ನವು ಆಕರಜ. (ಮೂರನೆಯದನ್ನು, ತಣ್ಣೀರು ಮಿಂದು ಬಂದ ಹೆಂಡತಿಯ ಮುಖವನ್ನು ನೋಡಿ, ನಾನು ಮನೆಯಲ್ಲಿ ಪ್ರಸ್ತಾಪಿಸಲಿಲ್ಲ.) ಸಿಲಿಂಡರಿನದು ಭೌಮ, ತಂತಿಯದು ದಿವ್ಯ, ಭೌಮಕ್ಕಿಂತ ದಿವ್ಯವು ಮೇಲೆಂಬುದು ಬಾಲರಿಗೂ ವೇದ್ಯ, ಆದುದರಿಂದ ವಾದವು ಇಲ್ಲಿಗೇ ಮುಗಿಯಿತೆಂದು ನಾನು ಹಿಗ್ಗಿದೆನು. ನೀರೇ ಇಂಧನವೆಂಬ ಮಾತನ್ನು ಕವಿಸಮಯವೆಂದು ನಗುವವರು ಶಿವನಸಮುದ್ರಕ್ಕೆ ಹೋಗಿಬರಬೇಕು. 1902ರಲ್ಲಿ ಅಲ್ಲಿ ಕಾವೇರಿಯ ಬೀಳುನೀರಿನಿಂದ ಹುಟ್ಟಿದ ಮಿಂಚು ಮೊದಲು ಓಡಿದ್ದು ಯಾರ ಬಚ್ಚಲಿಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದು ದೀಪವಾಗಿ ಬಂದದ್ದು 1905ರಲ್ಲಿ. ದಿವ್ಯತೇಜಸ್ಸು ಆಕರಜತೇಜಸ್ಸನ್ನು ಅಗೆದು ತೆಗೆಯಿತೆಂಬ ಈ ಸಂಗತಿಯನ್ನು ಕಂಡಿದ್ದರೆ ಅನ್ನಂಭಟ್ಟನು ಇನ್ನೊಂದು ಪ್ರಕರಣವನ್ನೇ ಬರೆಯುತ್ತಿದ್ದನು.

ಆದರೆ ಅನಿಲಪಕ್ಷಪಾತಿಯಾದ ನನ್ನ ತಮ್ಮನು, "ಅಣ್ಣಾ, ನಮ್ಮ ಮನೆ ಕರೆಂಟೆಲ್ಲ ಶಿವನಸಮುದ್ರದ್ದೇ ಅಂತ ಯಾರು ಹೇಳಿದ್ರು? ರಾಯಚೂರಲ್ಲಿ ಕಲ್ಲಿದ್ದಲು ಸುಡೋದು ಯಾತಕ್ಕೆ?" ಎಂದು ಒಂದೇ ಮಾತಿನಲ್ಲಿ ದಿವ್ಯವನ್ನು ಭೌಮಕ್ಕೆ ಇಳಿಸಿಬಿಟ್ಟನು. ನಾನೂ ಸುಮ್ಮನಿರಲಿಲ್ಲ, ಅವನು ಕೊಂಡಾಡುವ ಗ್ಯಾಸ್ ಗೀಸರಿಗೆ ಕಿಡಿ ಹಾರಿಸಲು ಎರಡು ಬ್ಯಾಟರಿ ಸೆಲ್ಲುಗಳು ಬೇಕೆಂಬುದನ್ನೂ, ಸೆಲ್ಲು ಸತ್ತ ದಿನ ಸಿಲಿಂಡರು ತುಂಬಿದ್ದರೂ ನೀರು ತಣ್ಣಗೇ ಬರುವುದೆಂಬುದನ್ನೂ ತೋರಿಸಿಕೊಟ್ಟೆನು. ಭೌಮವಿಲ್ಲದೆ ದಿವ್ಯವಿಲ್ಲ, ದಿವ್ಯವಿಲ್ಲದೆ ಭೌಮವಿಲ್ಲವೆಂಬ ಅನ್ಯೋನ್ಯಾಶ್ರಯದಲ್ಲಿ ಎರಡನೆಯ ವಾರವು ಕಳೆಯಿತು.

ಇನ್ನು ನೈಯಾಯಿಕರಿಗೆ ಪ್ರಿಯವಾದ ಹೊಗೆಯ ವಿಚಾರ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಅದು ಕಾಣದು, ಹೊಗೆಗೆ ಹಸಿ ಸೌದೆಯೆಂಬ ಉಪಾಧಿ ಬೇಕು. ಇದನ್ನು ಓದುವಾಗಲೆಲ್ಲ, ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ, ಆಷಾಢದ ಮಳೆಗೆ ನೆನೆದ ಅಡಕೆಯ ಸೋಗೆಯನ್ನು ಬಚ್ಚಲೊಲೆಗೆ ತುರುಕಿ, ಊದುಕೊಳವೆಯನ್ನು ಹಿಡಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಿರುತ್ತಿದ್ದ ನನ್ನ ತಾಯಿಯು, ಉಪಾಧಿಯ ಲಕ್ಷಣವನ್ನು ಕಾಶಿಗೆ ಹೋಗದೆಯೇ ಬಲ್ಲವಳಾಗಿದ್ದಳೆಂದು ನನಗೆ ತೋರುವುದು. ತಾಮ್ರದ ಹಂಡೆಯಲ್ಲಿ ಬೆರಳದ್ದಿ "ಹದವಾಯ್ತು, ಬಾ" ಎಂದು ಕೂಗುವುದೇ ಅವಳ ಪ್ರತ್ಯಕ್ಷಪ್ರಮಾಣ. ವಿದ್ಯುತ್ತಿನ ಗೀಸರಿನ ಒಡಲಲ್ಲಿರುವ ಕಾಯಿಲಾದರೋ ಶಾಸ್ತ್ರೋಕ್ತವಾದ ಆ ಕಬ್ಬಿಣದ ಗುಂಡೇ ಸರಿ: ಬೇಗೆಯುಂಟು, ಹೊಗೆಯಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಿಂದ ಅದಕ್ಕೆ ಸುಣ್ಣದ ಪೊರೆ ಕಟ್ಟಿ, ಅವಿದ್ಯೆಯು ಆತ್ಮನನ್ನು ಮರೆಸುವಂತೆ ಶಾಖವನ್ನು ಮರೆಸುವುದೆಂಬ ದೋಷವನ್ನು ಮಾತ್ರ ಒಪ್ಪತಕ್ಕದ್ದು.

ಗಣಿತವು ಯಾರ ಪಕ್ಷವೆಂದು ಹೇಳಲಾರೆನು. 15 ಲೀಟರು ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು 450 ಕಿಲೋಕ್ಯಾಲರಿ ಬೇಕು. ಒಂದು ಯೂನಿಟ್ಟು ವಿದ್ಯುತ್ತೆಂದರೆ 860 ಕಿಲೋಕ್ಯಾಲರಿ. ಆದುದರಿಂದ 2 ಕಿಲೋವಾಟಿನ ಗೀಸರು ಸುಮಾರು 16 ನಿಮಿಷದಲ್ಲಿ, ಅರ್ಧ ಯೂನಿಟ್ಟಿಗಿಂತ ತುಸು ಮಿಕ್ಕ ವೆಚ್ಚದಲ್ಲಿ, ಒಬ್ಬನ ನೀರನ್ನು ಕಾಯಿಸುವುದು. ಗ್ಯಾಸಿನದಕ್ಕೆ ಈ ಕಾಯುವಿಕೆಯಿಲ್ಲ. ನಲ್ಲಿ ತಿರುಗಿಸಿದರೆ ಬಿಸಿನೀರು ಧಾರೆಗಟ್ಟುವುದು. ನನ್ನ ತಮ್ಮನಂತಹವನು ಕೆಳಗೆ ನಿಂತರೆ ಧಾರೆಗೆ ಕೊನೆಯಿಲ್ಲ, 14.2 ಕಿಲೋ ಸಿಲಿಂಡರಿಗೆ ಉಂಟು.

ಹೊಗೆಯಿಂದ ಮಾಡುವ ಅನುಮಾನವು ಸೋಲುವ ಸ್ಥಳವೂ ಒಂದಿದೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸು ಉರಿದುರಿದು ಗಾಳಿಯು ಸಾಲದೆ ಹೋದಾಗ, ಅರೆಬೆಂದ ಉರಿಯಿಂದ ಕಾರ್ಬನ್ ಮಾನಾಕ್ಸೈಡು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸೋರಿಕೆ ತಿಳಿಯಲೆಂದು ಸಿಲಿಂಡರಿನ ಗ್ಯಾಸಿಗೆ ಬೆರೆಸುವ ದುರ್ಗಂಧವೂ ಇಲ್ಲಿ ಎಚ್ಚರಿಸದು; ರಕ್ತವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಿಗಿಯಿಂದ ಹಿಡಿಯುವುದು. ಚಿಲಕ ಹಾಕಿಕೊಂಡು ಸ್ನಾನಕ್ಕಿಳಿದವರು ಹೊರಗೆ ಬಾರದ ಪ್ರಸಂಗಗಳು ನಮ್ಮ ಊರುಗಳಲ್ಲಿಯೇ ನಡೆದಿವೆ.

ಇದಿಷ್ಟನ್ನೂ ಬಾಗಿಲಲ್ಲಿ ನಿಂತು ತಾಳ್ಮೆಯಿಂದ ಕೇಳಿದ ಪ್ಲಂಬರನು, "ಬಚ್ಚಲಲ್ಲಿ ಕಿಟಕಿ ಇದೆಯಾ ಸಾರ್?" ಎಂದನು. ಇತ್ತು, ಆದರೆ ಪಕ್ಕದ ಮನೆಯವರು ಅದರೆದುರಿಗೇ ಬಾಲ್ಕನಿ ಕಟ್ಟಿಸಿದಂದಿನಿಂದ ಗಾಜು ಹಾಕಿ ಮುಚ್ಚಿದ್ದೆವು. "ಹಾಗಾದ್ರೆ ಕರೆಂಟಿಂದೇ ಸಾರ್. ಅರ್ತಿಂಗ್ ಒಂದು ಸರಿ ಮಾಡಿಸ್ಕೊಳ್ಳಿ" ಎಂದು ಅವನು ಟೇಪು ತೆಗೆದು ಗೋಡೆಯನ್ನು ಅಳೆಯತೊಡಗಿದನು. ನನ್ನ ನಿಬಂಧದಲ್ಲಿ ಕಿಟಕಿಯ ಪ್ರಕರಣವೇ ಇರಲಿಲ್ಲ.

ನೀರು ತುಂಬುವ ಹಬ್ಬದ ಸಂಜೆ ಊರಿನಿಂದ ಬಂದ ತಾಯಿಯು, ಸುಣ್ಣ-ಕೆಮ್ಮಣ್ಣಿನ ಬಟ್ಟಲನ್ನೂ ಹಿಂಡಲೆಕಾಯಿಯ ಬಳ್ಳಿಯನ್ನೂ ಹಿಡಿದು ಬಚ್ಚಲಿಗೆ ಹೋಗಿ, ಗೋಡೆಯ ಮೇಲುಗಡೆ ನೇತುಬಿದ್ದಿದ್ದ ಆ ಬಿಳಿಯ ಡಬ್ಬವನ್ನು ಬಹಳ ಹೊತ್ತು ನೋಡಿ, "ಇದರ ಕೊರಳು ಎಲ್ಲೋ?" ಎಂದು ಕೇಳಿದಳು. ತಣ್ಣೀರು ಒಳಹೋಗುವ ನಳವು ಕೊರಳೋ, ಬಿಸಿನೀರು ಹೊರಬರುವ ನಳವು ಕೊರಳೋ ಎಂದು ನಾನು ಪೂರ್ವಪಕ್ಷವನ್ನು ಎತ್ತುವಷ್ಟರಲ್ಲಿ, ನನ್ನ ಹೆಂಡತಿಯು ಸ್ಟೂಲು ಹತ್ತಿ, ಎರಡಕ್ಕೂ ಸೇರಿಸಿ ಬಳ್ಳಿಯನ್ನು ಸುತ್ತಿ ಗಂಟು ಹಾಕಿ, ಇಳಿದಾಗಿತ್ತು.