ಬಾಯಿ ದೊಡ್ಡದು, ಕಿವಿ ಇಲ್ಲ

ಬೆಳೆಗೆ ಹೇನು ಬಿದ್ದರೆ ಒಂದು ಲೀಟರ್ ನೀರಿಗೆ 1.7 ಮಿ.ಲೀ. ಡೈಮಿಥೋಯೇಟ್ ಬೆರೆಸಿ ಹೊಡೆಯಬೇಕು. ರೇಡಿಯೋದ ಕೃಷಿರಂಗ ಕೇಳಿ ಬೆಳೆದವರಿಗೆ ಈ 1.7 ಹಳೇ ನೆಂಟ. ಎರಡು ಅಂದರೆ ಆಗದು, ಒಂದೂವರೆ ಅಂದರೂ ಆಗದು. ವಿಜ್ಞಾನ ಅಂದಮೇಲೆ ನಡುವೆ ಒಂದು ಚುಕ್ಕಿ ಇರಲೇಬೇಕು. ತುಮಕೂರಿನಿಂದ ಶಿರಾ ಕಡೆ ಹೊರಟರೆ ಸಿಗುವ ನಮ್ಮ ಕೋರದಲ್ಲಿ ರೈತನ ಬೆನ್ನಿಗಿರುವುದು 16 ಲೀಟರಿನ ಕ್ಯಾನು. ಲೆಕ್ಕ ಹಾಕಿದರೆ 27.2 ಮಿ.ಲೀ. ಕೈಯಲ್ಲಿರುವ ಅಳತೆ ಬಾಟಲಿಯ ಮುಚ್ಚಳ. ಆ 0.2ನ್ನು ಹಿಡಿಯುವ ಗಾಜಿನ ಕೊಳವೆ ಬೆಂಗಳೂರಿನ ಲ್ಯಾಬಿನಲ್ಲಿದೆ, ಹೇನು ಮಾತ್ರ ಕೋರದಲ್ಲಿದೆ. ಕೊನೆಗೆ ಔಷಧಿ ಅಂಗಡಿಯವನೇ ಗತಿ: "ಮೂರು ಮುಚ್ಚಳ ಹಾಕು ಗೌಡ, ಇನ್ನೊಂದು ಜಾಸ್ತಿ ಆದ್ರೂ ಏನಾಗಲ್ಲ." ಅವನ ಮಾತಿಗೆ ಬೆಲೆ ಜಾಸ್ತಿ. ಯಾಕೆಂದರೆ ಅವನು ಸಾಲ ಕೊಡುತ್ತಾನೆ, ರೇಡಿಯೋ ಕೊಡುವುದಿಲ್ಲ.

ಇನ್ನು ಕಾರ್ಯಕ್ರಮದ ಹೊತ್ತು. ರೈತನಿಗೆ ಬಿಡುವಾಗುವುದು ಸಂಜೆ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದಾರೆ. ಸಂಜೆ ರೈತ ಹಸುವಿನ ಕೆಚ್ಚಲ ಬಳಿ ಕೂತಿರುತ್ತಾನೆ, ಇಲ್ಲವೇ ಹಾಲಿನ ಕ್ಯಾನು ಹಿಡಿದು ಡೈರಿ ಮುಂದೆ ಸಾಲಿನಲ್ಲಿ ನಿಂತಿರುತ್ತಾನೆ. ಅದೇ ಹೊತ್ತಿಗೆ ತಜ್ಞರು ಲಾಭದಾಯಕ ಹೈನುಗಾರಿಕೆ ಕುರಿತು ಮಾತಾಡುತ್ತಿರುತ್ತಾರೆ.

ಸಂದರ್ಶನದ ಸೊಗಸಂತೂ ಬೇರೆಯೇ. "ಸರ್, ರಾಗಿಯಲ್ಲಿ ಬೆಂಕಿ ರೋಗವನ್ನು ಹೇಗೆ ಗುರುತಿಸಬಹುದು?" ಎಂದು ಕೇಳುವವರಿಗೂ ಉತ್ತರ ಗೊತ್ತು, ಹೇಳುವವರಿಗೂ ಗೊತ್ತು, ಇಬ್ಬರ ಮುಂದೆಯೂ ಬರೆದ ಹಾಳೆ ಇದೆ. ಗೊತ್ತಿಲ್ಲದವನೊಬ್ಬನನ್ನು ಸ್ಟುಡಿಯೋ ಹೊರಗೆ ಬಿಟ್ಟಿದ್ದಾರೆ. ಒಳಗೆ ಬಿಟ್ಟಿದ್ದರೆ ಅವನು ಬೆಂಕಿ ರೋಗದ ಸುದ್ದಿ ಎತ್ತುತ್ತಿರಲಿಲ್ಲ. "ಖರೀದಿ ಕೇಂದ್ರ ಯಾವತ್ತು ತೆಗೀತೀರಾ ಸ್ವಾಮಿ? ರೈತರ ಗುರುತಿನ ನಂಬರು ಎಫ್‌ಐಡಿಯಲ್ಲಿ ನನ್ನ ಹೆಸರು ತಪ್ಪಾಗಿದೆ, ಯಾರು ಸರಿ ಮಾಡೋರು?" ಎನ್ನುತ್ತಿದ್ದ. ಕಾರ್ಯಕ್ರಮ ಕೆಟ್ಟುಹೋಗುತ್ತಿತ್ತು. ಅದಕ್ಕೇ ಕೊನೆಯಲ್ಲಿ ಒಂದು ಮಂಗಳಾರತಿ ಇದೆ: ಹೆಚ್ಚಿನ ಮಾಹಿತಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ. ರೈತನನ್ನು ಸಾಗಹಾಕಲು ಇಷ್ಟು ಮರ್ಯಾದೆಯ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ರೇಡಿಯೋದಿಂದ ಏನೂ ಆಗಲಿಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ. 1960ರ ದಶಕದಲ್ಲಿ ತಂಜಾವೂರಿನ ರೈತರು ಎಡಿಟಿ-27 ತಳಿಯನ್ನು ರೇಡಿಯೋ ಕೇಳಿಯೇ ನೆಚ್ಚಿಕೊಂಡು, ಅದಕ್ಕೆ 'ರೇಡಿಯೋ ಭತ್ತ' ಎಂದೇ ಹೆಸರಿಟ್ಟರು. ಅಂದಿನಿಂದ ಇಂದಿನವರೆಗೆ ನಮ್ಮ ವಿಚಾರ ಸಂಕಿರಣಗಳಲ್ಲಿ ಅದೇ ಭತ್ತವನ್ನು ಕುಟ್ಟುತ್ತಿದ್ದಾರೆ.

ಅದಕ್ಕೂ ಮುಂಚಿನ ಸಂಗತಿಯನ್ನು ಯಾರೂ ಕುಟ್ಟುವುದಿಲ್ಲ. 1956ರಲ್ಲಿ ಪುಣೆ ಆಕಾಶವಾಣಿಯು ಯುನೆಸ್ಕೋ ಜೊತೆ ಸೇರಿ ಆಗಿನ ಮುಂಬಯಿ ರಾಜ್ಯದ 5 ಜಿಲ್ಲೆಗಳಲ್ಲಿ ಒಂದು ಪ್ರಯೋಗ ಮಾಡಿತು. ಸುಮಾರು 150 ಹಳ್ಳಿ, ಹಳ್ಳಿಗೆ ಇಪ್ಪತ್ತರಷ್ಟು ಜನ. ವಾರಕ್ಕೆ ಎರಡು ಸಲ ಅರ್ಧ ಗಂಟೆ ಒಟ್ಟಿಗೆ ಕೂತು ಕೇಳುವುದು, ಆಮೇಲೆ ವಾದಿಸುವುದು, ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ಅದಕ್ಕೆ ರೇಡಿಯೋ ಉತ್ತರ ಕೊಡಬೇಕು. ಫಲಿತಾಂಶ ಅಳೆದ ಸಮಾಜವಿಜ್ಞಾನಿ ಪಾಲ್ ನ್ಯೂರಾತ್ ಕಂಡದ್ದಿಷ್ಟು: ಇಂಥ ಕೂಟ ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಗಣನೀಯವಾಗಿ ಏರಿತು, ಬರೀ ರೇಡಿಯೋ ಪೆಟ್ಟಿಗೆ ಇದ್ದ ಕಡೆ ಅಷ್ಟೇನೂ ಏರಲಿಲ್ಲ. ಅಂದರೆ ಕೆಲಸ ಮಾಡಿದ್ದು ಪೆಟ್ಟಿಗೆಯಲ್ಲ, ಅದರ ಸುತ್ತ ಕೂತ ಬಾಯಿಗಳು. ಸರ್ಕಾರ ಯೋಜನೆಯನ್ನು ದೇಶಕ್ಕೆಲ್ಲ ಹಬ್ಬಿಸಿತು. ಬರಬರುತ್ತಾ ಕೂಟಗಳು ಕರಗಿದವು, ಪೆಟ್ಟಿಗೆ ಉಳಿಯಿತು. ನಮ್ಮ ಆಡಳಿತಕ್ಕೆ ಒಗ್ಗುವುದು ಯಾವಾಗಲೂ ಪೆಟ್ಟಿಗೆಯೇ. ಅದು ತಿರುಗಿ ಮಾತಾಡುವುದಿಲ್ಲ.

ಹಾಗಾದರೆ ರೈತರೇ ಒಂದು ರೇಡಿಯೋ ಮಾಡಿಕೊಳ್ಳಲಿ ಅನ್ನುತ್ತೀರಾ? ಕೋಲಾರ ಜಿಲ್ಲೆಯ ಬೂದಿಕೋಟೆಯವರು 2003ರಲ್ಲಿ 'ನಮ್ಮ ಧ್ವನಿ' ಶುರುಮಾಡಿದರು. ಹಳ್ಳಿಯ ಹೆಣ್ಣುಮಕ್ಕಳೇ ಮೈಕ್ ಹಿಡಿದರು. ಆದರೆ ಗಾಳಿಯಲ್ಲಿ ಬಿಡಲು ಅನುಮತಿ ಇರಲಿಲ್ಲ. ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು, ನಿಜ. ಸಾರ್ವಜನಿಕರ ಸ್ವತ್ತು ಎಂದಮೇಲೆ ಸಾರ್ವಜನಿಕರು ಮುಟ್ಟಬಹುದೇ? ಪಾಪ, ಅವರು ಕೇಬಲ್ ಎಳೆದು ಟಿವಿ ತಂತಿಯಲ್ಲಿ ರೇಡಿಯೋ ಕೇಳಿಸಿದರು. ಸಂಘ ಸಂಸ್ಥೆಗಳಿಗೂ ಲೈಸೆನ್ಸ್ ಕೊಡಬಹುದು ಎಂದು ದೆಹಲಿಗೆ ಹೊಳೆದದ್ದು 2006ರಲ್ಲಿ. ಆಮೇಲೂ ಒಂದು ಕಟ್ಟಳೆ ಇದ್ದೇ ಇದೆ: ಸಮುದಾಯ ರೇಡಿಯೋ ತನ್ನದೇ ಸುದ್ದಿ ಓದುವಂತಿಲ್ಲ.

ಈ ನಡುವೆ ಕೋರದ ಹುಡುಗರ ಫೋನಿನಿಂದ ಎಫ್‌ಎಮ್ಮೇ ಮಾಯವಾಗುತ್ತಾ ಬಂತು. 2023ರಲ್ಲಿ ಕೇಂದ್ರ ಸರ್ಕಾರ ಫೋನಿನಲ್ಲಿ ಎಫ್‌ಎಂ ಇರಲಿ ಎಂದು ಕಂಪನಿಗಳಿಗೆ ಸಲಹೆ ಕೊಟ್ಟಿತು. ರೈತನಿಗೆ ರೇಡಿಯೋ ಕೊಡುತ್ತದಲ್ಲ, ಅಂಥದೇ ಸಲಹೆ. ಪಕ್ಕದ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಮಾತ್ರ ಯಾರ ಸಲಹೆಗೂ ಕಾಯದೆ ಬೆಳೆಯುತ್ತಿದೆ. ಆ ಬೆಳೆಗೆ ಹೇನಿನ ಕಾಟವೂ ಇಲ್ಲ.

ನಿಲಯದವರಲ್ಲಿ ಒಂದು ಬಿನ್ನಹ. ಒಂದು ಸಂಜೆ ರೆಕಾರ್ಡರ್ ತಗೊಂಡು ನಮ್ಮ ಯಾವುದಾದರೂ ಹಾಲಿನ ಡೈರಿ ಮುಂದೆ ಬಂದು ನಿಲ್ಲಿ, ತಜ್ಞರನ್ನೂ ಜೊತೆಗೆ ಕರೆತನ್ನಿ. ಬಂದ ಮೊದಲ ಹದಿನೈದು ನಿಮಿಷ ಅವರು ಬಾಯಿ ಬಿಡದಂತೆ ನೋಡಿಕೊಳ್ಳಿ.